ಕೋಟೆಗೋಡೆಯ ಮೇಲೆ ನಿಲ್ಲುವೆನೆಂದ ಹೆಣ್ಣುಮಗಳು

ಮಧ್ಯಾಹ್ನದ ಊಟದ ಪಾತ್ರೆಗಳನ್ನು ಬೆಳಗಿಟ್ಟು, ಮಕ್ಕಳು ಶಾಲೆಯಿಂದ ಮರಳುವುದಕ್ಕೆ ಇನ್ನೂ ಕೊಂಚ ಹೊತ್ತಿರುವಾಗ ಗೃಹಿಣಿಗೆ ದೊರೆಯುವ ಒಂದಿಷ್ಟು ಬಿಡುವು ಎಲ್ಲ ದೇಶಗಳಲ್ಲಿಯೂ ಒಂದೇ ಬಗೆಯದು. ಜಪಾನಿನ ಫುಜಿ ದೂರದರ್ಶನ ಸಂಸ್ಥೆಯು ಆ ಹೊತ್ತನ್ನೇ ಆರಿಸಿಕೊಂಡು 1968ರಲ್ಲಿ ಕಾರ್ಯಕ್ರಮವೊಂದನ್ನು ಆರಂಭಿಸಿತು. ‘ಮೂರು ಗಂಟೆಯ ನೀವು’ ಎಂಬ ಅರ್ಥ ಬರುವ ಹೆಸರು ಅದಕ್ಕೆ. ಮನೆವಾರ್ತೆ, ತಾರೆಯರ ಸುದ್ದಿ, ಒಂದಿಷ್ಟು ಲೋಕಾಭಿರಾಮ ಅದರ ಸರಕು. ಮರುವರ್ಷ, ಎಂದರೆ 1969ರಲ್ಲಿ, ಅದರ ನಿರೂಪಕಿಯರಲ್ಲಿ ಒಬ್ಬರಾಗಿ ನಲವತ್ತೊಂಬತ್ತು ವರ್ಷದ ಒಬ್ಬ ಮಹಿಳೆ ತೆರೆಯ ಮೇಲೆ ಕಾಣಿಸಿಕೊಂಡರು. ಎಳೆಯ ಗೃಹಿಣಿಯರ ಕಣ್ಣಿಗೆ ಆಕೆ ರಾಯಭಾರ ಇಲಾಖೆಯ ಅಧಿಕಾರಿಯೊಬ್ಬರ ಮಡದಿ, ಗಂಭೀರವಾದ ಮಾತಿನ ಸುಸಂಸ್ಕೃತ ಸ್ತ್ರೀ. ಆದರೆ ಅದೇ ಮನೆಗಳಲ್ಲಿದ್ದ ಅತ್ತೆಯಂದಿರಿಗೆ ಆ ಮುಖದ ಗುರುತು ಬೇರೆಯೇ ಇತ್ತು. ಯುದ್ಧಕಾಲದಲ್ಲಿ ಅವರು ಅದೇ ಮುಖವನ್ನು ಚೀನೀ ಉಡುಪಿನಲ್ಲಿ, ಚೀನೀ ಹೆಸರಿನಲ್ಲಿ ಕಂಡಿದ್ದರು.

ಆಕೆಯ ಹೆಸರು ಯಾಮಾಗುಚಿ ಯೊಶಿಕೊ. ಐದು ವರ್ಷಗಳ ತರುವಾಯ ಆಕೆ ಜಪಾನಿನ ಸಂಸತ್ತಿನ ಮೇಲ್ಮನೆಗೆ ಆಯ್ಕೆಯಾಗಿ, ಹದಿನೆಂಟು ವರ್ಷ ಅಲ್ಲಿ ಕುಳಿತರು. ಚಿತ್ರನಟ ನಟಿಯರು ಚುನಾವಣೆಗೆ ನಿಲ್ಲುವುದು ನಮ್ಮ ದೇಶದವರಿಗೆ ಹೊಸ ಸಂಗತಿಯೇನಲ್ಲವಾದುದರಿಂದ, ಅಷ್ಟೇ ಆಗಿದ್ದರೆ ಈಕೆಯ ಕಥೆಯನ್ನು ಓದುಗರ ಮುಂದಿಡುವ ಕಾರಣವಿರಲಿಲ್ಲ. ಒಮ್ಮೆ ಮರಣದಂಡನೆಯ ಬಾಗಿಲಿನವರೆಗೆ ಹೋಗಿ, ಒಂದು ಕಾಗದದ ಬಲದಿಂದ ಬದುಕಿ ಬಂದ ಜೀವ ಅದು. ಆ ಕಾಗದ ತನ್ನ ಜೀವವನ್ನು ಉಳಿಸಿತೇ ಹೊರತು ತನ್ನ ಋಣವನ್ನು ತೀರಿಸಲಿಲ್ಲ ಎಂದು ಆಕೆ ಕಡೆಯವರೆಗೂ ಭಾವಿಸಿದ್ದರು.

ಯೊಶಿಕೊ ಹುಟ್ಟಿದ್ದು 1920ರ ಫೆಬ್ರವರಿ 12ರಂದು, ಚೀನ ದೇಶದ ಈಶಾನ್ಯ ಭಾಗವಾದ ಮಂಚೂರಿಯಾದಲ್ಲಿ. ತಂದೆ ಯಾಮಾಗುಚಿ ಫುಮಿಯೊ ಜಪಾನಿನ ಸಾಗಾ ಪ್ರಾಂತದವರು. ಚೀನೀ ಭಾಷೆ ಹಾಗೂ ಸಾಹಿತ್ಯದ ಮೇಲಿನ ಮೋಹದಿಂದ ಸಮುದ್ರ ದಾಟಿ ಬಂದವರು. ಅಲ್ಲಿನ ದಕ್ಷಿಣ ಮಂಚೂರಿಯಾ ರೈಲ್ವೆ ಕಂಪನಿಯು ಜಪಾನೀಯರ ಒಡೆತನದ್ದು. ಅದರ ಕಲ್ಲಿದ್ದಲ ಗಣಿಯಿದ್ದ ಫುಶುನ್ ಪಟ್ಟಣದಲ್ಲಿ ಜಪಾನೀ ನೌಕರರಿಗೆ ಚೀನೀ ಭಾಷೆ ಕಲಿಸುವುದು ಅವರ ಉದ್ಯೋಗ. ಆರು ಮಕ್ಕಳಲ್ಲಿ ಹಿರಿಯಳಾದ ಯೊಶಿಕೊಳಿಗೂ ಅವರು ಚಿಕ್ಕಂದಿನಿಂದಲೇ ಆ ಭಾಷೆಯನ್ನು ಅಭ್ಯಾಸ ಮಾಡಿಸಿದರು. ಮಗಳು ಅದನ್ನು ಎಷ್ಟು ಸೊಗಸಾಗಿ ಕಲಿತಳೆಂದರೆ ಚೀನೀಯರೇ ಆಕೆಯನ್ನು ತಮ್ಮವಳೆಂದು ನಂಬುತ್ತಿದ್ದರು. ತಂದೆ ಮಗಳಿಗೆ ಪ್ರೀತಿಯಿಂದ ಕೊಟ್ಟ ಈ ವಿದ್ಯೆಯೇ ಮುಂದೆ ಆಕೆಯ ಕೊರಳಿಗೆ ಉರುಳಾಗಲಿದ್ದಿತೆಂದು ಆಗ ಯಾರು ಬಲ್ಲರು?

1931ರಲ್ಲಿ ಜಪಾನಿನ ಸೈನ್ಯವು ಮಂಚೂರಿಯಾವನ್ನು ಆಕ್ರಮಿಸಿ, ಮರುವರ್ಷ ‘ಮಂಚುಕುವೊ’ ಎಂಬ ಕೈಗೊಂಬೆ ರಾಜ್ಯವನ್ನು ಸ್ಥಾಪಿಸಿತು. 1932ರ ಸೆಪ್ಟೆಂಬರಿನಲ್ಲಿ ಚೀನೀ ಗೆರಿಲ್ಲಾಗಳು ಫುಶುನ್ ಗಣಿಯ ಮೇಲೆ ರಾತ್ರಿ ದಾಳಿ ಮಾಡಿದರು. ಹನ್ನೆರಡು ವರ್ಷದ ಯೊಶಿಕೊ ಅಂದು ಕಿಟಕಿಯಿಂದ ಕಂಡದ್ದು ಕೆಂಪಾದ ಆಕಾಶ. ಮರುದಿನ ಕಂಡದ್ದು ಅದಕ್ಕಿಂತ ಘೋರ. ಜಪಾನೀ ಸೈನಿಕ ಪೊಲೀಸರು ಒಬ್ಬ ಚೀನೀಯನನ್ನು ಮರಕ್ಕೆ ಕಟ್ಟಿ, ಬಂದೂಕಿನ ಹಿಡಿಯಿಂದ ಬಡಿದರು. ಅದೇ ದಿನ ಸಮೀಪದ ಪಿಂಗ್‌ಡಿಂಗ್‌ಶಾನ್ ಗ್ರಾಮದ ಜನರನ್ನು ಗೆರಿಲ್ಲಾಗಳಿಗೆ ನೆರವಾದರೆಂಬ ಶಂಕೆಯ ಮೇಲೆ ಹೆಂಗಸರು ಮಕ್ಕಳೆನ್ನದೆ ಒಂದೆಡೆ ಸೇರಿಸಿ ಕೊಲ್ಲಲಾಯಿತು. ಸತ್ತವರು ಸುಮಾರು 3000 ಮಂದಿ ಎಂಬುದು ಚೀನೀಯರ ಲೆಕ್ಕ. ಜಪಾನಿನ ಕೆಲವರು ಅದಕ್ಕಿಂತ ಕಡಿಮೆ ಹೇಳುತ್ತಾರೆ. ಚೀನೀ ಮಿತ್ರರಿದ್ದ ಕಾರಣಕ್ಕೆ ಯೊಶಿಕೊಳ ತಂದೆಯೂ ವಿಚಾರಣೆಗೆ ಒಳಗಾದರು. ಆ ಊರು ಬೇಡವೆನಿಸಿ ಸಂಸಾರವು ಮುಕ್ಡೆನ್ ನಗರಕ್ಕೆ, ಎಂದರೆ ಇಂದಿನ ಶೆನ್ಯಾಂಗ್‌ಗೆ, ಬಂದು ನೆಲಸಿತು.

ಮುಕ್ಡೆನ್‌ನಲ್ಲಿ ತಂದೆಯ ಮಿತ್ರರಾದ ಲೀ ಜಿಚುನ್ ಎಂಬ ಚೀನೀ ಸೇನಾನಿ ಇದ್ದರು. ಸ್ನೇಹದ ಗುರುತಾಗಿ ಮಿತ್ರನ ಮಕ್ಕಳನ್ನು ಸಾಂಕೇತಿಕವಾಗಿ ದತ್ತು ಸ್ವೀಕರಿಸುವ ಪದ್ಧತಿ ಆ ನಾಡಿನಲ್ಲಿದೆ. ಹಾಗೆ ಯೊಶಿಕೊ ಆ ಮನೆಯ ಮಗಳಾಗಿ ‘ಲೀ ಶ್ಯಾಂಗ್‌ಲಾನ್’ ಎಂಬ ಹೆಸರನ್ನು ಪಡೆದಳು. ಶ್ಯಾಂಗ್‌ಲಾನ್ ಎಂದರೆ ಸುಗಂಧದ ಸೀತಾಳೆ ಹೂವು. ಇದೇ ಹೆಸರನ್ನು ಜಪಾನೀಯರು ‘ರಿ ಕೋರಾನ್’ ಎಂದು ಉಚ್ಚರಿಸುತ್ತಾರೆ. ಅಲ್ಲಿಯೇ ಕ್ಷಯರೋಗದಿಂದ ನರಳಿದ ಬಾಲಕಿಗೆ ಶ್ವಾಸಕೋಶಗಳು ಬಲಗೊಳ್ಳಲೆಂದು ಹಾಡುವ ಅಭ್ಯಾಸ ಮಾಡಿಸುವಂತೆ ವೈದ್ಯರು ಸೂಚಿಸಿದರು. ಆಕೆಯ ಗೆಳತಿ ಲ್ಯೂಬಾ ಎಂಬ ರಷ್ಯನ್ ಯಹೂದಿ ಹುಡುಗಿ, ತನಗೆ ಪರಿಚಯವಿದ್ದ ಸಂಗೀತ ಶಿಕ್ಷಕಿಯ ಬಳಿಗೆ ಆಕೆಯನ್ನು ಕರೆದೊಯ್ದಳು. ಈ ಲ್ಯೂಬಾಳನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು; ಕಥೆಯಲ್ಲಿ ಆಕೆ ಇನ್ನೊಮ್ಮೆ ಬರುತ್ತಾಳೆ.

ಮುಕ್ಡೆನ್ ಆಕಾಶವಾಣಿಗೆ ಚೀನೀ ಹಾಡು ಹೇಳುವ, ಸ್ವರಲಿಪಿ ಓದಬಲ್ಲ, ಜಪಾನೀ ಭಾಷೆಯೂ ತಿಳಿದ ಒಬ್ಬ ಹುಡುಗಿ ಬೇಕಾಗಿದ್ದಳು. ಅಂಥ ಚೀನೀ ಹುಡುಗಿ ದೊರೆಯಲಿಲ್ಲ; ಯೊಶಿಕೊ ದೊರೆತಳು. ಹದಿಮೂರರ ಬಾಲಕಿಯ ದನಿ ‘ಲೀ ಶ್ಯಾಂಗ್‌ಲಾನ್’ ಎಂಬ ಹೆಸರಿನಲ್ಲಿ ಪ್ರಸಾರವಾಯಿತು. ಅಪ್ಪನ ಮಿತ್ರ ಅಕ್ಕರೆಯಿಂದ ಇಟ್ಟ ಹೆಸರು ಸರ್ಕಾರದ ಪ್ರಚಾರಯಂತ್ರದ ಹೆಸರಾದದ್ದು ಹೀಗೆ, ಯಾರೂ ಗಮನಿಸದಂತೆ.

ಮುಂದಿನ ವಿದ್ಯಾಭ್ಯಾಸಕ್ಕೆ 1934ರಲ್ಲಿ ಆಕೆಯನ್ನು ಬೀಜಿಂಗ್‌ಗೆ ಕಳುಹಿಸಲಾಯಿತು. ಅಲ್ಲಿ ತಂದೆಯ ಇನ್ನೊಬ್ಬ ಮಿತ್ರರಾದ ಪಾನ್ ಯುಗುಯಿ ಎಂಬ ರಾಜಕಾರಣಿಯ ಮನೆಯಲ್ಲಿ ವಾಸ. ಅಲ್ಲಿಯೂ ದತ್ತುಪುತ್ರಿ, ಹೆಸರು ಪಾನ್ ಶೂಹುವಾ. ಚೀನೀ ಹೆಣ್ಣುಮಕ್ಕಳ ಶಾಲೆಯಲ್ಲಿ ಆಕೆ ಜಪಾನೀಯಳೆಂಬುದು ಸಹಪಾಠಿಗಳಿಗೆ ತಿಳಿಯದು. ಅದು ವಿದ್ಯಾರ್ಥಿಗಳ ಜಪಾನ್ ವಿರೋಧಿ ಚಳವಳಿ ಭುಗಿಲೆದ್ದ ಕಾಲ. ಒಂದು ದಿನ ಗೆಳತಿಯರೊಡನೆ ಒಂದು ಸಭೆಗೆ ಹೋಗಬೇಕಾಯಿತು. ಜಪಾನೀ ಸೈನ್ಯ ಬೀಜಿಂಗ್ ನಗರಕ್ಕೆ ನುಗ್ಗಿದರೆ ನೀವೇನು ಮಾಡುವಿರಿ ಎಂಬ ಪ್ರಶ್ನೆ ಅಲ್ಲಿ ಎಲ್ಲರೆದುರು ಬಂದಿತು. ಹೋರಾಡುವೆನೆಂದು ಒಬ್ಬರು, ಸೈನ್ಯ ಸೇರುವೆನೆಂದು ಒಬ್ಬರು. ಯೊಶಿಕೊಳ ಸರದಿ ಬಂದಾಗ ಆಕೆ, ನಾನು ಬೀಜಿಂಗಿನ ಕೋಟೆಗೋಡೆಯ ಮೇಲೆ ನಿಲ್ಲುವೆನೆಂದಳು. ಗೆಳತಿಯರು ಅದನ್ನು ವೀರೋಕ್ತಿಯೆಂದು ತಿಳಿದರು. ಆಕೆಯ ಮನಸ್ಸಿನಲ್ಲಿದ್ದುದೇ ಬೇರೆ. ಗೋಡೆಯ ಮೇಲೆ ನಿಂತವರಿಗೆ ಒಳಗಿನಿಂದ ಚೀನೀಯರ ಗುಂಡೋ, ಹೊರಗಿನಿಂದ ಜಪಾನೀಯರ ಗುಂಡೋ ತಗಲುತ್ತದೆ. ಯಾವುದಾದರೂ ಒಂದರಿಂದ ಮೊದಲು ಸಾಯುವವಳು ತಾನು. ಅತ್ತ ದರಿ ಇತ್ತ ಪುಲಿ ಎಂಬ ನಮ್ಮ ಗಾದೆಯನ್ನು ಆ ಹುಡುಗಿ ಕೇಳಿರಲಾರಳು. ಆದರೆ ಹದಿನೈದು ಹದಿನಾರರ ವಯಸ್ಸಿಗೆ ಅದರ ಅರ್ಥವನ್ನು ಆಕೆಯಷ್ಟು ಬಲ್ಲವರು ವಿರಳ. ಮುಂದೆ ಆಕೆ ತನ್ನ ಆತ್ಮಕಥೆಯಲ್ಲಿ ಚೀನವನ್ನು ತಾಯ್ನಾಡೆಂದೂ ಜಪಾನನ್ನು ಪಿತೃಭೂಮಿಯೆಂದೂ ಬೇರೆಬೇರೆಯಾಗಿ ಕರೆದುಕೊಂಡಿದ್ದಾರೆ.

1937ರ ಜುಲೈಯಲ್ಲಿ ಆ ಎರಡು ನಾಡುಗಳ ನಡುವೆ ಪೂರ್ಣ ಪ್ರಮಾಣದ ಯುದ್ಧ ಆರಂಭವಾಯಿತು. ಅದೇ ವರ್ಷ ಮಂಚೂರಿಯಾದಲ್ಲಿ ಜಪಾನೀ ಆಡಳಿತವು ಒಂದು ಚಲನಚಿತ್ರ ಸಂಸ್ಥೆಯನ್ನು ಹುಟ್ಟುಹಾಕಿತು. ಹಿನ್ನೆಲೆ ಗಾಯನಕ್ಕೆಂದು ಹೇಳಿ ಹದಿನೆಂಟರ ಯೊಶಿಕೊಳನ್ನು ಕರೆಸಿಕೊಂಡ ಆ ಸಂಸ್ಥೆ, ಆಕೆಯನ್ನು ಕ್ಯಾಮೆರಾದ ಎದುರು ನಿಲ್ಲಿಸಿತು. 1938ರಲ್ಲಿ ಮೊದಲ ಚಿತ್ರ ಬಂದಿತು. ಚೀನೀ ತಾರೆ ಲೀ ಶ್ಯಾಂಗ್‌ಲಾನ್ ಎಂದೇ ಪ್ರಚಾರ; ಆಕೆ ಜಪಾನೀಯಳೆಂಬ ಸಂಗತಿ ಗೋಪ್ಯ. ಆ ವರ್ಷದ ಶರತ್ಕಾಲದಲ್ಲಿ ಆಕೆ ತನ್ನ ಪಿತೃಭೂಮಿಯನ್ನು ಮೊದಲ ಬಾರಿಗೆ ಕಂಡರು. ಶಿಮೊನೊಸೆಕಿ ಬಂದರಿನಲ್ಲಿ ಪಾಸ್‌ಪೋರ್ಟ್ ನೋಡಿದ ಅಧಿಕಾರಿ, ಜಪಾನೀಯಳಾಗಿ ಹುಟ್ಟಿ ಚೀನೀ ಬಟ್ಟೆ ತೊಟ್ಟು ಚೀನೀ ಮಾತಾಡಲು ನಾಚಿಕೆಯಾಗುವುದಿಲ್ಲವೇ ಎಂದು ಗದರಿಸಿದನಂತೆ. ಇದು ಆಕೆಗೆ ದೊರೆತ ಸ್ವಾಗತ.

ಮುಂದಿನ ಎರಡು ವರ್ಷಗಳಲ್ಲಿ ಜಪಾನಿನ ಜನಪ್ರಿಯ ನಟ ಹಸೆಗಾವಾ ಕಝುವೊ ಅವರೊಡನೆ ಆಕೆ ನಟಿಸಿದ ಮೂರು ಚಿತ್ರಗಳಲ್ಲಿಯೂ ಕಥೆಯ ಎಲುಬು ಒಂದೇ: ಸದ್ಗುಣಿಯಾದ ಜಪಾನೀ ತರುಣ, ಮೊದಲು ದ್ವೇಷಿಸಿ ಬಳಿಕ ಅವನಿಗೆ ಮನಸೋಲುವ ಚೀನೀ ತರುಣಿ. ಇವುಗಳಲ್ಲಿ 1940ರ ‘ಚೀನಾ ರಾತ್ರಿಗಳು’ ಬಹು ಪ್ರಸಿದ್ಧ. ಜಪಾನೀ ಬಾಂಬುಗಳಿಂದ ಮನೆಮಾರು, ತಾಯಿತಂದೆಯರನ್ನು ಕಳೆದುಕೊಂಡ ಅನಾಥೆಯನ್ನು ಹಡಗಿನ ಅಧಿಕಾರಿಯೊಬ್ಬ ಕಾಪಾಡುತ್ತಾನೆ. ಆಕೆಯ ಹಠಕ್ಕೆ ರೋಸಿ ಕೆನ್ನೆಗೆ ಹೊಡೆಯುತ್ತಾನೆ. ಹೊಡೆತ ತಿಂದವಳು ಅದರಲ್ಲಿ ಪ್ರೇಮವನ್ನು ಕಂಡು ಅವನ ಕಾಲಬಳಿ ಕರಗಿಬಿಡುತ್ತಾಳೆ. ಜಪಾನಿನ ಪ್ರೇಕ್ಷಕರು ಕಣ್ಣೊರೆಸಿಕೊಂಡರು. ಚೀನೀ ಪ್ರೇಕ್ಷಕರಿಗೆ ಆ ಏಟು ತಮ್ಮ ಕೆನ್ನೆಗೇ ಬಿದ್ದಂತಾಯಿತು. ತಮ್ಮವಳೇ ಆದ ನಟಿಯೊಬ್ಬಳು ಇಂಥ ಪಾತ್ರಕ್ಕೆ ಒಪ್ಪಿದಳಲ್ಲಾ ಎಂಬ ಸಂಕಟ ಬೇರೆ. ನಮ್ಮ ಮನೆಗಳಲ್ಲಿ ಇಂದಿಗೂ ನಾಯಕ ನಾಯಕಿಯ ಕೆನ್ನೆಗೆ ಬಾರಿಸುವ ದೃಶ್ಯವನ್ನು ಕುಟುಂಬಸಮೇತ ಕುಳಿತು ನೋಡುತ್ತೇವಾದ್ದರಿಂದ ಈ ಮಾತನ್ನು ಕೊಂಚ ಬಿಡಿಸಿ ಹೇಳಿದ್ದೇನೆ.

1941ರ ಫೆಬ್ರವರಿ 11ರಂದು, ಆಕೆಗೆ ಇಪ್ಪತ್ತೊಂದು ತುಂಬುವ ಹಿಂದಿನ ದಿನ, ಟೋಕಿಯೋದ ನಿಹೋನ್ ಗೆಕಿಜೋ ರಂಗಮಂದಿರದಲ್ಲಿ ಆಕೆಯ ಗಾಯನ ಏರ್ಪಟ್ಟಿತ್ತು. ಟಿಕೆಟ್ಟಿಗಾಗಿ ನಿಂತವರ ಸಾಲು ಆ ಕಟ್ಟಡವನ್ನು ಏಳೂವರೆ ಸುತ್ತು ಸುತ್ತಿತ್ತೆಂದು ಇಂದಿಗೂ ಜಪಾನೀಯರು ಹೇಳುತ್ತಾರೆ. ಹತೋಟಿ ತಪ್ಪಿದ ಗುಂಪನ್ನು ಚದುರಿಸಲು ಪೊಲೀಸರು ಬರಬೇಕಾಯಿತು. ಅಂದು ಅಷ್ಟು ಜನ ಪ್ರೀತಿಸಿದ್ದು ಯಾಮಾಗುಚಿ ಯೊಶಿಕೊಳನ್ನಲ್ಲ, ಇಲ್ಲದೇ ಇದ್ದ ಒಬ್ಬ ಚೀನೀ ಹುಡುಗಿಯನ್ನು.

1943ರಲ್ಲಿ ಷಾಂಘೈನಲ್ಲಿ ತಯಾರಾದ, ಅಫೀಮು ಯುದ್ಧದ ಕಥೆಯುಳ್ಳ ಚಿತ್ರವೊಂದರಲ್ಲಿ ಆಕೆ ಮಿಠಾಯಿ ಮಾರುವ ಹುಡುಗಿಯಾಗಿ ಹಾಡಿದರು. ಇದನ್ನು ಚೀನೀಯರೂ ಮೆಚ್ಚಿದರು. ಆ ಸಂದರ್ಭದಲ್ಲಿ ಬೀಜಿಂಗ್‌ನಲ್ಲಿ ನಡೆದ ಪತ್ರಿಕಾಗೋಷ್ಠಿಯಲ್ಲಿ ತನ್ನ ಹುಟ್ಟಿನ ಸತ್ಯವನ್ನು ಹೇಳಿಬಿಡಬೇಕೆಂದು ಆಕೆ ಬಯಸಿದ್ದರು. ಜನರ ಮನಸ್ಸು ಮುರಿಯಬೇಡ ಎಂದು ತಂದೆಯ ಪರಿಚಯದ ಹಿರಿಯ ಪತ್ರಕರ್ತರೊಬ್ಬರು ತಡೆದರು. ಗೋಷ್ಠಿ ಮುಗಿಯುವ ಹೊತ್ತಿಗೆ ತರುಣ ಪತ್ರಕರ್ತನೊಬ್ಬ ಎದ್ದು, ಚೀನೀಯಳಾಗಿದ್ದೂ ಚೀನವನ್ನು ಅವಮಾನಿಸುವ ಆ ಚಿತ್ರಗಳಲ್ಲಿ ಏಕೆ ನಟಿಸಿದಿರಿ, ನಿಮ್ಮ ಸ್ವಾಭಿಮಾನ ಎಲ್ಲಿ ಹೋಯಿತು ಎಂದು ಕೇಳಿದ. ಆಕೆ ಕ್ಷಮೆ ಬೇಡಿದರು. ತಿಳಿಯದ ವಯಸ್ಸಿನಲ್ಲಿ ಮಾಡಿದ ತಪ್ಪು, ಇನ್ನು ಮಾಡುವುದಿಲ್ಲ ಎಂದರು. ಸಭೆ ಚಪ್ಪಾಳೆ ತಟ್ಟಿತು. ಆ ಕ್ಷಮಾಪಣೆ ನಿಜ, ಆದರೆ ಅದನ್ನು ಕೇಳಿದ ಹೆಸರು ಸುಳ್ಳು. ಚಪ್ಪಾಳೆಯ ಸದ್ದು ಆಕೆಯನ್ನು ಬೈಗುಳಕ್ಕಿಂತ ಹೆಚ್ಚು ನೋಯಿಸಿರಬೇಕು. ಮರುವರ್ಷ ಆಕೆ ಮಂಚೂರಿಯಾದ ಚಿತ್ರಸಂಸ್ಥೆಗೆ ರಾಜೀನಾಮೆ ಕೊಟ್ಟು ಹೊರಬಂದರು.

1945ರ ಆಗಸ್ಟಿನಲ್ಲಿ ಜಪಾನು ಶರಣಾದಾಗ ಆಕೆ ಷಾಂಘೈನಲ್ಲಿದ್ದರು. ಶತ್ರುವಿನೊಡನೆ ಕೈಗೂಡಿಸಿದ ಚೀನೀಯರನ್ನು ದೇಶದ್ರೋಹಿಗಳೆಂದು ಹಿಡಿದು ದಂಡಿಸುವ ಕಾರ್ಯ ಆರಂಭವಾಯಿತು. ಲೀ ಶ್ಯಾಂಗ್‌ಲಾನ್ ಹೆಸರು ಆ ಪಟ್ಟಿಯಲ್ಲಿ ಇರದೆ ಹೋಗುವುದೆಂತು? ಆಕೆಯನ್ನು ಕಾವಲಿನಲ್ಲಿಟ್ಟರು. ಕುದುರೆಪಂದ್ಯದ ಮೈದಾನದಲ್ಲಿ ಗುಂಡಿಕ್ಕಿ ಕೊಲ್ಲುವರೆಂಬ ಸುದ್ದಿ ದಿನಾಂಕಸಹಿತ ಹರಡಿತು. ನಾನು ಚೀನೀಯಳೇ ಅಲ್ಲ ಎಂದು ಆಕೆ ಹೇಳಿದರೆ ನಂಬುವವರಾರು? ಹತ್ತು ವರ್ಷ ಅದಕ್ಕೆ ತದ್ವಿರುದ್ಧವಾದುದನ್ನೇ ನಂಬಿಸಲಾಗಿತ್ತಲ್ಲ.

ಜಪಾನಿನಲ್ಲಿ ಪ್ರತಿಯೊಂದು ಮನೆತನಕ್ಕೂ ಸರ್ಕಾರಿ ದಾಖಲೆಯಾದ ಒಂದು ಕುಟುಂಬಪತ್ರವಿರುತ್ತದೆ. ಹುಟ್ಟು, ಮದುವೆ, ಸಾವುಗಳೆಲ್ಲ ಅದರಲ್ಲಿ ನಮೂದು. ಅದರ ಪ್ರತಿಯೊಂದು ಬೀಜಿಂಗ್‌ನಲ್ಲಿದ್ದ ತಂದೆತಾಯಿಯರ ಬಳಿಯಿತ್ತು. ಅದನ್ನು ಷಾಂಘೈಗೆ ತಲುಪಿಸುವವರಾರು? ಆಗ ಬಂದವಳು ಲ್ಯೂಬಾ. ಬಾಲ್ಯದ ಆ ಗೆಳತಿ ಷಾಂಘೈನ ಸೋವಿಯತ್ ರಾಯಭಾರ ಕಚೇರಿಯಲ್ಲಿ ಉದ್ಯೋಗದಲ್ಲಿದ್ದಳು. ಆಕೆ ಬೀಜಿಂಗ್‌ಗೆ ಹೋಗಿ ಆ ವೃದ್ಧ ದಂಪತಿಗಳನ್ನು ಹುಡುಕಿದಳು. ಕೆಲವು ದಿನಗಳಲ್ಲಿ ಒಂದು ಪೆಟ್ಟಿಗೆ ಷಾಂಘೈಗೆ ಬಂದಿತು. ಒಳಗಿದ್ದುದು ಯೊಶಿಕೊ ಚಿಕ್ಕಂದಿನಲ್ಲಿ ಆಡುತ್ತಿದ್ದ ಜಪಾನೀ ಬೊಂಬೆ. ಅದರ ನಡುಪಟ್ಟಿಯೊಳಗೆ ಮಡಿಚಿಟ್ಟ ತೆಳ್ಳನೆಯ ಕಾಗದವೇ ಆ ಕುಟುಂಬಪತ್ರ.

1946ರ ಫೆಬ್ರವರಿಯಲ್ಲಿ ನ್ಯಾಯಾಲಯವು ಆಕೆ ವಿದೇಶೀಯಳೆಂದು ಒಪ್ಪಿ ದೇಶದ್ರೋಹದ ಆಪಾದನೆಯಿಂದ ಬಿಡುಗಡೆ ಮಾಡಿತು. ಆದರೆ ಕಾನೂನಿನ ಕಣ್ಣಿಗೆ ತಪ್ಪಿಲ್ಲದಿದ್ದರೂ ಚೀನೀ ಹೆಸರಿನಲ್ಲಿ ಅಂಥ ಚಿತ್ರಗಳಲ್ಲಿ ನಟಿಸಿದ್ದು ನೀತಿಯ ದೃಷ್ಟಿಯಿಂದ ತಪ್ಪು ಎಂದು ನ್ಯಾಯಾಧೀಶರು ತಿಳಿಸಿದರು. ಆಕೆ ತಲೆಬಾಗಿ ಒಪ್ಪಿಕೊಂಡರು. ಕೆಲವು ವಾರಗಳ ಬಳಿಕ ಗಡೀಪಾರಾಗಿ ಹಡಗನ್ನೇರಿದರು. ಹಡಗು ಬಂದರನ್ನು ಬಿಡುತ್ತಿರುವಾಗ ರೇಡಿಯೋದಲ್ಲಿ ಷಾಂಘೈ ನಿಲಯದಿಂದ ಒಂದು ಹಾಡು ತೇಲಿಬಂದಿತು. ಅದು ಆಕೆಯೇ 1944ರಲ್ಲಿ ಹಾಡಿದ ‘ಯೇ ಲಾಯ್ ಶ್ಯಾಂಗ್’. ಇರುಳಾದಂತೆ ಪರಿಮಳ ಬೀರುವ ಹೂವಿನ ಹೆಸರು ಅದು. ಲ್ಯೂಬಾಳಿಗೆ ಕೃತಜ್ಞತೆ ಹೇಳಲು ಆಕೆಗೆ ಅವಕಾಶ ದೊರೆಯಲಿಲ್ಲ.

ಇಲ್ಲೊಂದು ಹೋಲಿಕೆಯನ್ನು ಹೇಳದೆ ಮುಂದೆ ಹೋಗಲಾರೆ. ಕವಾಶಿಮಾ ಯೊಶಿಕೊ ಎಂಬ ಇನ್ನೊಬ್ಬ ಸ್ತ್ರೀ ಇದ್ದಳು. ಚೀನದ ಮಂಚು ರಾಜವಂಶದಲ್ಲಿ ಹುಟ್ಟಿ, ಜಪಾನೀಯನೊಬ್ಬನ ಸಾಕುಮಗಳಾಗಿ ಜಪಾನಿನಲ್ಲಿ ಬೆಳೆದು, ಜಪಾನೀ ಸೈನ್ಯಕ್ಕೆ ಗೂಢಚಾರಿಣಿಯಾಗಿ ದುಡಿದವಳು. ಇಬ್ಬರಿಗೂ ಪರಿಚಯವಿತ್ತು. ಆಕೆಯೂ ತಾನು ಜಪಾನೀ ಪ್ರಜೆಯೆಂದು ಸಾಧಿಸಲು ಹೆಣಗಿದಳು. ಆಕೆಯ ಹೆಸರು ಸಾಕುತಂದೆಯ ಕುಟುಂಬಪತ್ರದಲ್ಲಿ ಇರಲಿಲ್ಲ. 1948ರ ಮಾರ್ಚಿಯಲ್ಲಿ ಬೀಜಿಂಗ್‌ನಲ್ಲಿ ಆಕೆಯನ್ನು ಗುಂಡಿಕ್ಕಿ ಕೊಲ್ಲಲಾಯಿತು. ಚೀನೀ ಹೆಸರಿನ ಜಪಾನೀಯಳು ಉಳಿದಳು, ಜಪಾನೀ ಹೆಸರಿನ ಚೀನೀಯಳು ಅಳಿದಳು.

ಯುದ್ಧಾನಂತರದ ಚಿತ್ರಜೀವನವನ್ನು ಬೇಗ ದಾಟಬಹುದು. 1950ರಲ್ಲಿ ಕುರೊಸಾವಾ ಅವರ ‘ಸ್ಕ್ಯಾಂಡಲ್’ ಚಿತ್ರ, ಅನಂತರ ಶರ್ಲಿ ಯಾಮಾಗುಚಿ ಎಂಬ ಹೆಸರಿನಿಂದ ಹಾಲಿವುಡ್, ನಡುನಡುವೆ ಹಾಂಕಾಂಗ್. 1951ರಲ್ಲಿ ಆಕೆ ಪ್ರಖ್ಯಾತ ಶಿಲ್ಪಿ ಇಸಾಮು ನೊಗುಚಿ ಅವರನ್ನು ವರಿಸಿದರು. ತಂದೆ ಜಪಾನೀಯ, ತಾಯಿ ಅಮೆರಿಕೆಯವರು. ಆತನೂ ಎರಡು ನಾಡುಗಳ ನಡುವೆ ಸಿಲುಕಿದ ಜೀವ: ಹಿರೋಶಿಮಾದ ಮೃತರ ಸ್ಮಾರಕಕ್ಕೆ ಆತ ರಚಿಸಿದ ವಿನ್ಯಾಸವನ್ನು ಆತ ಅಮೆರಿಕನ್ ಎಂಬ ಕಾರಣಕ್ಕೆ ತಿರಸ್ಕರಿಸಿದ್ದರು. ಆತನ ತಂದೆ ಯೊನೆ ನೊಗುಚಿ ನಮ್ಮ ರವೀಂದ್ರನಾಥ ಠಾಕೂರರ ಸ್ನೇಹಿತರಾಗಿದ್ದ ಕವಿ. ಜಪಾನು ಚೀನದ ಮೇಲೆ ನಡೆಸಿದ ಯುದ್ಧವನ್ನು ಸಮರ್ಥಿಸಿ 1938ರಲ್ಲಿ ಆತ ಠಾಕೂರರಿಗೆ ಪತ್ರ ಬರೆದಾಗ, ಗುರುದೇವರು ಕಠಿಣವಾದ ಉತ್ತರ ಬರೆದು ಆ ಯುದ್ಧವನ್ನು ಖಂಡಿಸಿದ್ದರು. ಯೊಶಿಕೊಳ ಮೊದಲ ಚಿತ್ರ ತೆರೆಕಂಡ ವರ್ಷವೂ ಅದೇ. ಈ ದಾಂಪತ್ಯ ಐದಾರು ವರ್ಷಗಳಲ್ಲಿ ಮುರಿಯಿತು. 1958ರಲ್ಲಿ ಆಕೆ ರಾಜತಾಂತ್ರಿಕ ಅಧಿಕಾರಿ ಒಟಾಕಾ ಹಿರೋಶಿ ಅವರನ್ನು ಮದುವೆಯಾಗಿ, ಚಿತ್ರರಂಗಕ್ಕೆ ವಿದಾಯ ಹೇಳಿ, ಒಟಾಕಾ ಯೊಶಿಕೊ ಎಂಬ ಗೃಹಿಣಿಯಾದರು.

ಹನ್ನೊಂದು ವರ್ಷಗಳ ಮೌನದ ತರುವಾಯ ಬಂದುದು ಆ ಮಧ್ಯಾಹ್ನ ಮೂರು ಗಂಟೆಯ ಕಾರ್ಯಕ್ರಮ. ಅಲ್ಲಿ ಆಕೆ ಮಾಡಿದ ಕೆಲಸವೇ ನನಗೆ ಈ ಬಾಳಿನ ಅತ್ಯಂತ ಕುತೂಹಲಕರವಾದ ಭಾಗವೆನಿಸುತ್ತದೆ. ಹಳೆಯ ತಾರೆಯರು ಸ್ಟುಡಿಯೋದ ಮೆತ್ತನೆಯ ಆಸನದಲ್ಲಿ ಕುಳಿತು ಮುಗುಳ್ನಕ್ಕರೆ ಸಾಕಾಗಿದ್ದ ಕಾಲದಲ್ಲಿ ಆಕೆ ಕ್ಯಾಮೆರಾ ತಂಡವನ್ನು ಕಟ್ಟಿಕೊಂಡು ವಿಯೆಟ್ನಾಮಿಗೆ, ಕಾಂಬೋಡಿಯಾಕ್ಕೆ, ಪಶ್ಚಿಮ ಏಷ್ಯದ ನಿರಾಶ್ರಿತರ ಶಿಬಿರಗಳಿಗೆ ಹೋದರು. ಮನೆಮಠ ಕಳೆದುಕೊಂಡ ಪ್ಯಾಲೆಸ್ತೀನೀ ತಾಯಂದಿರ ಮಾತು ಜಪಾನಿನ ಅಡುಗೆಮನೆಗಳಿಗೆ ಹೀಗೆ ತಲುಪಿತು. 1972ರ ಮೇ ತಿಂಗಳಿನಲ್ಲಿ ಇಸ್ರೇಲಿನ ಲಾಡ್ ವಿಮಾನ ನಿಲ್ದಾಣದಲ್ಲಿ ಮೂವರು ಜಪಾನೀ ತರುಣರು ಗುಂಡಿನ ಮಳೆಗರೆದು 26 ಮಂದಿ ಅಮಾಯಕರನ್ನು ಕೊಂದಿದ್ದರು. ಇಡೀ ಜಪಾನು ನಾಚಿಕೆಯಿಂದ ತಲೆತಗ್ಗಿಸಿದ್ದ ಸಮಯ. ಮರುವರ್ಷ ಯೊಶಿಕೊ, ‘ಜಪಾನೀ ಕೆಂಪು ಸೇನೆ’ಯ ನಾಯಕಿಯಾಗಿ ತಲೆಮರೆಸಿಕೊಂಡಿದ್ದ ಶಿಗೆನೊಬು ಫುಸಾಕೊ ಎಂಬಾಕೆಯನ್ನು ಹುಡುಕಿ ಸಂದರ್ಶಿಸಿದರು. ಆ ಸಂದರ್ಶನಕ್ಕೆ ದೂರದರ್ಶನ ಪ್ರಶಸ್ತಿಯೂ ಬಂದಿತು, ಕೊಲೆಗಡುಕರಿಗೆ ವೇದಿಕೆ ಕೊಡುವುದೇ ಎಂಬ ಪ್ರಶ್ನೆಯೂ ಏಳುವಂತಾಯಿತು. ಆ ಪ್ರಶ್ನೆ ಅಲ್ಲಗಳೆಯುವಂಥದಲ್ಲ. ಆದರೆ ಒಂದು ಸಿದ್ಧಾಂತದ ಹುಚ್ಚು ಎಳೆಯ ವಯಸ್ಸಿನವರನ್ನು ಎಲ್ಲಿಗೆ ಒಯ್ಯಬಲ್ಲದೆಂಬುದನ್ನು ಅರಿಯುವ ತವಕ, ತಾನೇ ಅಂಥದೊಂದು ಯಂತ್ರದ ಹಲ್ಲಿಗೆ ಸಿಕ್ಕಿ ಬಂದವರಿಗೆ ಇರುವುದು ಸಹಜ.

ಈಗ ರಾಜಕೀಯ. ಜಪಾನಿನ ಮೇಲ್ಮನೆ ನಮ್ಮ ರಾಜ್ಯಸಭೆಯಂತಲ್ಲ. ಅದರ ಸದಸ್ಯರನ್ನು ಜನರೇ ನೇರವಾಗಿ ಆರಿಸುತ್ತಾರೆ. ಅವಧಿ ಆರು ವರ್ಷ. ಮೂರು ವರ್ಷಕ್ಕೊಮ್ಮೆ ಅರ್ಧದಷ್ಟು ಸ್ಥಾನಗಳಿಗೆ ಚುನಾವಣೆ. ಆ ಕಾಲದಲ್ಲಿ ಇಡೀ ದೇಶವನ್ನೇ ಒಂದು ಕ್ಷೇತ್ರವೆಂದು ಗಣಿಸಿ ಹಲವು ಸ್ಥಾನಗಳನ್ನು ತುಂಬುತ್ತಿದ್ದರು. ಮತದಾರನು ಚಿಹ್ನೆಗೆ ಮುದ್ರೆಯೊತ್ತುವುದಿಲ್ಲ, ಅಭ್ಯರ್ಥಿಯ ಹೆಸರನ್ನು ತನ್ನ ಕೈಯಿಂದಲೇ ಬರೆಯಬೇಕು. ಉತ್ತರದ ಹಿಮದ ಊರಿನಿಂದ ದಕ್ಷಿಣದ ದ್ವೀಪದವರೆಗೆ ಎಲ್ಲರೂ ನೆನಪಿಟ್ಟು ಬರೆಯಬಲ್ಲ ಹೆಸರು ಯಾರದು? ದೂರದರ್ಶನದಲ್ಲಿ ದಿನವೂ ಬರುವವರದು. 1962ರಲ್ಲಿ ದೂರದರ್ಶನದಿಂದ ಮನೆಮಾತಾಗಿದ್ದ ಫುಜಿವಾರಾ ಅಕಿ ಎಂಬ ಮಹಿಳೆ ಅತ್ಯಧಿಕ ಮತಗಳಿಂದ ಗೆದ್ದುದು ಪಕ್ಷಗಳ ಕಣ್ಣು ತೆರೆಸಿತು. 1968ರಲ್ಲಿ ಹಾಸ್ಯಲೇಖಕ ಅಯೋಶಿಮಾ ಯುಕಿಯೊ, ವಿನೋದಗಾರ ಯೊಕೊಯಾಮಾ ನೊಕ್ ಗೆದ್ದರು. 1995ರಲ್ಲಿ ಇವರಿಬ್ಬರೂ ಕ್ರಮವಾಗಿ ಟೋಕಿಯೋ, ಒಸಾಕಾಗಳ ರಾಜ್ಯಪಾಲರಾಗಿ ಆಯ್ಕೆಯಾದುದು ಬೇರೆ ಕಥೆ. ಇಂಥವರಿಗೆ ‘ಪ್ರತಿಭಾ ಸದಸ್ಯರು’ ಎಂದು ಪತ್ರಿಕೆಗಳು ಹೆಸರಿಟ್ಟವು. ಹೊಗಳಿಕೆಯಂತೆ ಕಂಡರೂ ಅದು ಚುಚ್ಚುಮಾತು.

1974ರ ಜುಲೈ ಚುನಾವಣೆಗೆ ಪ್ರಧಾನಿ ತನಾಕಾ ಕಾಕುಯೇಯಿ ಅವರ ಆಹ್ವಾನದಂತೆ ಯೊಶಿಕೊ ಆಡಳಿತಾರೂಢ ಲಿಬರಲ್ ಡೆಮಾಕ್ರಟಿಕ್ ಪಕ್ಷದಿಂದ ನಿಂತು ಗೆದ್ದರು. ಎರಡು ವರ್ಷ ಮೊದಲು, 1972ರಲ್ಲಿ, ಚೀನದೊಡನೆ ರಾಜತಾಂತ್ರಿಕ ಸಂಬಂಧವನ್ನು ಮರಳಿ ಸ್ಥಾಪಿಸಿದ ಪ್ರಧಾನಿ ಈ ತನಾಕಾ ಅವರೇ ಎಂಬುದನ್ನು ಗಮನಿಸಬೇಕು. ಅದೇ ಚುನಾವಣೆಯಲ್ಲಿ ಎಂಬತ್ತೊಂದರ ವೃದ್ಧೆ, ಸ್ತ್ರೀ ಮತಾಧಿಕಾರದ ಹೋರಾಟಗಾರ್ತಿ ಇಚಿಕಾವಾ ಫುಸಾಯೆ ಅವರು ಹಣದ ಹೊಳೆಗೆ ಎದುರಾಗಿ ಸರಳ ಪ್ರಚಾರದಿಂದಲೇ ಎರಡನೆಯ ಸ್ಥಾನ ಗಳಿಸಿದರು. ಹಣದ ಹಗರಣಕ್ಕೆ ಸಿಲುಕಿದ ತನಾಕಾ ಡಿಸೆಂಬರಿನಲ್ಲಿ ಅಧಿಕಾರ ಬಿಟ್ಟರು. ಯೊಶಿಕೊ ಉಳಿದರು. ಮೂರು ಅವಧಿ, 1992ರವರೆಗೆ. ಮಂತ್ರಿಪದವಿ ಬರಲಿಲ್ಲ; ಪರಿಸರ ಇಲಾಖೆಯ ಸಂಸದೀಯ ಉಪಸಚಿವೆಯಾಗಿದ್ದರು. ಪ್ಯಾಲೆಸ್ತೀನ್ ಮೈತ್ರಿಯ ಸಂಸದರ ಕೂಟದಲ್ಲಿ ದುಡಿದರು. ತೈಲಕ್ಕಾಗಿ ಅರಬ್ಬರನ್ನು ಓಲೈಸುವ ಲೆಕ್ಕ ಪಕ್ಷದ ಹಲವರಿಗಿತ್ತು. ಶಿಬಿರಗಳನ್ನು ಕಣ್ಣಾರೆ ಕಂಡ ಈಕೆಯ ಲೆಕ್ಕ ಬೇರೆ ಇತ್ತೆಂದು ನನ್ನ ನಂಬಿಕೆ. ಸಂಸತ್ತಿನಲ್ಲಿ ದೊಡ್ಡ ಕಾಯಿದೆಯೊಂದಕ್ಕೆ ಆಕೆಯ ಹೆಸರು ಅಂಟಿಕೊಂಡಿಲ್ಲ ಎಂಬುದನ್ನೂ ಹೇಳಬೇಕು. ಇಷ್ಟು ದೀರ್ಘಕಾಲ ಸದಸ್ಯೆಯಾಗಿದ್ದವರಿಂದ ಇನ್ನೂ ಹೆಚ್ಚಿನದನ್ನು ನಿರೀಕ್ಷಿಸಬಹುದಾಗಿತ್ತು.

1987ರಲ್ಲಿ ಪತ್ರಕರ್ತ ಫುಜಿವಾರಾ ಸಾಕುಯಾ ಅವರೊಡನೆ ಸೇರಿ ಆಕೆ ತನ್ನ ಆತ್ಮಕಥೆಯನ್ನು ಪ್ರಕಟಿಸಿದರು. ಫುಶುನ್‌ನಲ್ಲಿ ಕಂಡ ಬೆಂಕಿ, ಬೀಜಿಂಗಿನ ಗೋಡೆ, ಆ ಕೆನ್ನೆಯ ಏಟು, ಬೊಂಬೆಯೊಳಗಿನ ಕಾಗದ ಇವೆಲ್ಲ ಲೋಕಕ್ಕೆ ವಿವರವಾಗಿ ತಿಳಿದದ್ದು ಆಗ. ಆಡಳಿತ ಪಕ್ಷದ ಸಂಸತ್ ಸದಸ್ಯೆಯಾಗಿದ್ದುಕೊಂಡೇ ಇದನ್ನು ಬರೆದರೆಂಬುದನ್ನು ಮರೆಯುವಂತಿಲ್ಲ. ಆ ಪಕ್ಷದಲ್ಲಿ ಯುದ್ಧಕಾಲದ ಕೃತ್ಯಗಳನ್ನು ಅಲ್ಲಗಳೆಯುವವರು ಕಡಿಮೆಯಿರಲಿಲ್ಲ. 1991ರಲ್ಲಿ ಆಕೆಯ ಜೀವನ ಸಂಗೀತನಾಟಕವಾಗಿ ಟೋಕಿಯೋದಲ್ಲಿ ರಂಗವೇರಿತು. ಮರುವರ್ಷ ಅದೇ ನಾಟಕ ಚೀನದ ನಗರಗಳಲ್ಲಿಯೂ ಪ್ರದರ್ಶನಗೊಂಡಿತು.

ನಿವೃತ್ತಿಯ ಬಳಿಕ ಆಕೆ ವಹಿಸಿಕೊಂಡ ಹೊಣೆ ಇನ್ನೂ ಕಷ್ಟದ್ದು. ಯುದ್ಧಕಾಲದಲ್ಲಿ ಜಪಾನೀ ಸೈನ್ಯವು ಕೊರಿಯಾ, ಚೀನ, ಫಿಲಿಪೈನ್ಸ್ ಮುಂತಾದೆಡೆಗಳ ಹೆಣ್ಣುಮಕ್ಕಳನ್ನು ತನ್ನ ಸೈನಿಕರ ಭೋಗಕ್ಕಾಗಿ ಗೃಹಬಂಧನದಂಥ ನರಕದಲ್ಲಿಟ್ಟಿತ್ತು. ಅವರಲ್ಲಿ ಬದುಕುಳಿದವರು ಮುಪ್ಪಿನಲ್ಲಿ ಬಾಯಿಬಿಟ್ಟು ನ್ಯಾಯ ಕೇಳತೊಡಗಿದಾಗ, 1995ರಲ್ಲಿ ಪ್ರಧಾನಿ ಮುರಾಯಾಮಾ ಅವರ ಸರ್ಕಾರವು ‘ಏಷ್ಯನ್ ಮಹಿಳಾ ನಿಧಿ’ಯನ್ನು ಸ್ಥಾಪಿಸಿತು. ಅದಕ್ಕಾಗಿ ಜನತೆಗೆ ಕರೆಕೊಟ್ಟವರಲ್ಲಿ ಯೊಶಿಕೊ ಒಬ್ಬರು. ಅದರ ಉಪಾಧ್ಯಕ್ಷೆಯೂ ಆದರು. ಜನರ ದೇಣಿಗೆಯಿಂದ ತಲಾ 20 ಲಕ್ಷ ಯೆನ್, ಜೊತೆಗೆ ಪ್ರಧಾನಿಯ ಸಹಿಯುಳ್ಳ ಕ್ಷಮಾಪಣೆಯ ಪತ್ರ. ಫಿಲಿಪೈನ್ಸ್, ಕೊರಿಯಾ, ತೈವಾನ್‌ಗಳ 285 ಮಹಿಳೆಯರು ಅದನ್ನು ಸ್ವೀಕರಿಸಿದರು. ಆದರೆ ಕೊರಿಯಾದ ಅನೇಕ ಅಜ್ಜಿಯರು, ತಪ್ಪು ಮಾಡಿದ್ದು ಸರ್ಕಾರ, ದಾನದ ಹಣ ನಮಗೇಕೆ, ಸರ್ಕಾರವೇ ಪರಿಹಾರ ಕೊಡಲಿ ಎಂದು ನಿರಾಕರಿಸಿದರು. ಅತ್ತ ಜಪಾನಿನ ರಾಷ್ಟ್ರವಾದಿಗಳು ಕ್ಷಮೆ ಕೇಳಿದ್ದೇ ತಪ್ಪೆಂದು ಹರಿಹಾಯ್ದರು. ಹದಿಹರೆಯದಲ್ಲಿ ಹೇಳಿದ ಆ ಗೋಡೆಯ ಮೇಲೆ ಎಪ್ಪತ್ತೈದರ ಮುಪ್ಪಿನಲ್ಲಿಯೂ ಆಕೆ ನಿಲ್ಲಬೇಕಾಯಿತು. ನಿಧಿಯು 2007ರಲ್ಲಿ ವಿಸರ್ಜನೆಗೊಂಡಿತು. ಯುದ್ಧಾಪರಾಧಿಗಳ ಹೆಸರೂ ಸೇರಿರುವ ಯಾಸುಕುನಿ ದೇಗುಲಕ್ಕೆ ಪ್ರಧಾನಿ ಕೊಯಿಝುಮಿ ಭೇಟಿ ಕೊಡುತ್ತಿದ್ದುದನ್ನು ವಿರೋಧಿಸಿ, ಅದು ಚೀನೀಯರ ಎದೆಗೆ ಆಳವಾದ ಗಾಯ ಮಾಡುತ್ತದೆಂದು ಆಕೆ ಬಹಿರಂಗವಾಗಿ ಹೇಳಿದರು.

ಲ್ಯೂಬಾಳ ಸುಳಿವು 1998ರಲ್ಲಿ ದೊರೆಯಿತು. ರಷ್ಯದ ಯೆಕಟೆರಿನ್‌ಬರ್ಗ್ ನಗರದಲ್ಲಿ ಆಕೆ ಇನ್ನೂ ಇದ್ದಳು. ಎಪ್ಪತ್ತೆಂಟರ ಯೊಶಿಕೊ ಅಲ್ಲಿಗೆ ಪ್ರಯಾಣ ಮಾಡಿದರು. ಐವತ್ತೆರಡು ವರ್ಷಗಳಿಂದ ಹೇಳಲಾಗದೆ ಉಳಿದಿದ್ದ ಕೃತಜ್ಞತೆಯನ್ನು ಹೇಳಿದರು. ಆಗ ಲ್ಯೂಬಾ, ಮಂಚೂರಿಯಾದಲ್ಲಿ ಸೆರೆಯಾಳುಗಳ ಮೇಲೆ ರೋಗಾಣುಗಳ ಪ್ರಯೋಗ ನಡೆಸುತ್ತಿದ್ದ ಜಪಾನೀ ಸೈನ್ಯದ 731ನೆಯ ತುಕಡಿಯ ಕೈಯಲ್ಲಿ ತನ್ನ ಸೋದರ ಸತ್ತ ಸಂಗತಿಯನ್ನು ತಿಳಿಸಿದಳು. ಜಪಾನೀ ಗೆಳತಿಯ ಜೀವ ಉಳಿಸಿದವಳ ಮನೆಯ ಕಥೆ ಇದು.

2014ರ ಸೆಪ್ಟೆಂಬರ್ 7ರಂದು, ತೊಂಬತ್ತನಾಲ್ಕನೆಯ ವಯಸ್ಸಿನಲ್ಲಿ, ಟೋಕಿಯೋದಲ್ಲಿ ಆಕೆ ಹೃದಯ ವೈಫಲ್ಯದಿಂದ ತೀರಿಕೊಂಡರು. ಅಂದಿನ ದಿನಗಳಲ್ಲಿ ಜಪಾನು ಹಾಗೂ ಚೀನಗಳ ನಡುವೆ ದ್ವೀಪಗಳ ವಿಷಯಕ್ಕೆ ಮನಸ್ತಾಪ ಬೆಳೆದಿತ್ತು. ಆದರೂ ಬೀಜಿಂಗ್‌ನ ವಿದೇಶಾಂಗ ಇಲಾಖೆಯ ವಕ್ತಾರರು, ಯುದ್ಧಾನಂತರ ಎರಡು ದೇಶಗಳ ಮೈತ್ರಿಗಾಗಿ ಆಕೆ ಪಟ್ಟ ಶ್ರಮವನ್ನು ನೆನೆದು ಸಂತಾಪ ಸೂಚಿಸಿದರು. ಜಪಾನಿನ ಪತ್ರಿಕೆಗಳು ಯಾಮಾಗುಚಿ ಯೊಶಿಕೊ ನಿಧನ ಎಂದು ಮುದ್ರಿಸಿ, ಅದರ ಪಕ್ಕದಲ್ಲಿ ಆಕೆ ಅರವತ್ತೆಂಟು ವರ್ಷಗಳ ಹಿಂದೆ ಷಾಂಘೈ ಬಂದರಿನಲ್ಲಿ ಬಿಟ್ಟುಬಂದಿದ್ದ ಹೆಸರನ್ನೂ ಕಾಣಿಸಿದವು.